ಹಡ್ಸನ್ ನದಿಯ ಮೇಲೊಂದು ಕಾಲುದಾರಿ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿ ಎಂಬ ಊರಿನ ಮೌಂಟ್ ಕಾರ್ಮೆಲ್ ಕೇರಿಯಲ್ಲಿ ತಲೆಯೆತ್ತಿದರೆ ಆಕಾಶಕ್ಕಿಂತ ಮೊದಲು ಸೇತುವೆ ಕಣ್ಣಿಗೆ ಬೀಳುತ್ತದೆ. ಇಟಲಿಯಿಂದ ವಲಸೆ ಬಂದವರು ನೆಲೆಸಿದ ಹಳೆಯ ಕೇರಿ ಇದು. ಮರದ ಹಲಗೆ ಹೊದಿಸಿದ ಎರಡಂತಸ್ತಿನ ಮನೆಗಳು ಒತ್ತೊತ್ತಾಗಿ ನಿಂತಿವೆ. ಹಿತ್ತಿಲುಗಳಲ್ಲಿ ಟೊಮೆಟೊ ಗಿಡಕ್ಕೆ ಆನಿಸಿದ ಕೋಲುಗಳು, ಒಣಹಾಕಿದ ಬಟ್ಟೆ, ಮಕ್ಕಳ ಮೂರು ಗಾಲಿಯ ಸೈಕಲ್ಲು. ಅವುಗಳ ಪಕ್ಕದಲ್ಲೇ ಕಲ್ಲಿನ ಪೀಠದ ಮೇಲಿಂದ ಉಕ್ಕಿನ ಕಾಲುಗಳು ಎದ್ದು, ಮನೆಗಳ ಮಾಡನ್ನು ದಾಟಿ, ಚರ್ಚಿನ ಎತ್ತರಕ್ಕೂ ಮೇಲೆ ಹೋಗಿ ಒಂದು ಉದ್ದನೆಯ ಕಪ್ಪು ಗೆರೆಯನ್ನು ಹೊತ್ತು ನಿಂತಿವೆ. ಆ ಗೆರೆ ಕೇರಿಯನ್ನು ದಾಟುತ್ತದೆ, ಹೆದ್ದಾರಿಯನ್ನು ದಾಟುತ್ತದೆ, ರೈಲು ನಿಲ್ದಾಣದ ಪಕ್ಕದ ಕಂಬಿಗಳನ್ನು ದಾಟುತ್ತದೆ. ಆಮೇಲೆ ಹಡ್ಸನ್ ನದಿಯ ಮೇಲೆ ಹಾಯ್ದು ಆಚೆ ದಡದ ಹೈಲ್ಯಾಂಡ್ ಎಂಬ ಊರಿನ ಬಂಡೆಗುಡ್ಡದೊಳಕ್ಕೆ ಸೇರಿಕೊಳ್ಳುತ್ತದೆ.

ಆ ಗೆರೆಯ ಮೇಲೆ ಈಗ ಸಣ್ಣ ಸಣ್ಣ ತಲೆಗಳು ಸರಿದಾಡುತ್ತವೆ. ಕೆಳಗಿನಿಂದ ನೋಡಿದವರಿಗೆ ಅವು ಯಾರ ತಲೆ, ಯಾವ ವಯಸ್ಸಿನ ತಲೆ ಎಂದು ತಿಳಿಯುವುದಿಲ್ಲ. ಮೇಲೆ ಹತ್ತಿದರೆ ತಿಳಿಯುತ್ತದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಓಡುವ ಹುಡುಗಿ, ಎರಡು ನಾಯಿಗಳು ಎರಡು ದಿಕ್ಕಿಗೆ ಎಳೆಯುತ್ತಿರುವ ಹೆಂಗಸು, ತಳ್ಳುಗಾಡಿಯಲ್ಲಿ ಮಲಗಿದ ಕೂಸು, ಗಾಲಿಕುರ್ಚಿಯಲ್ಲಿ ಕೂತ ಅಜ್ಜಿಯನ್ನು ನೂಕಿಕೊಂಡು ಹೊರಟ ಮೊಮ್ಮಗ. ಕೈ ಹಿಡಿದುಕೊಂಡು ಒಂದೇ ಹೆಜ್ಜೆಗೆ ನಡೆಯುವ ಮುದಿ ಜೋಡಿಗಳು ಇಲ್ಲಿ ಬಹಳ. ಅಕ್ಟೋಬರ್ ತಿಂಗಳ ಶನಿವಾರದ ಬೆಳಗ್ಗೆ. ಎರಡೂ ದಡದ ಮರಗಳು ಹಳದಿ, ಕಿತ್ತಳೆ, ಇಟ್ಟಿಗೆಗೆಂಪು ಬಣ್ಣಕ್ಕೆ ತಿರುಗಿವೆ. ಈ ಬಣ್ಣ ನೋಡಲೆಂದೇ ನ್ಯೂಯಾರ್ಕ್ ಮಹಾನಗರದಿಂದ ಸುಮಾರು ಎರಡು ಗಂಟೆ ರೈಲಿನಲ್ಲಿ ಕೂತು ಜನ ಬಂದಿದ್ದಾರೆ.

ಸೇತುವೆಯ ಉದ್ದ 6,768 ಅಡಿ. ಎರಡು ಕಿಲೋಮೀಟರಿಗೆ ತುಸು ಮೇಲೆ. ನೀರಿನಿಂದ ಕಾಲುದಾರಿಯ ಎತ್ತರ 212 ಅಡಿ, ಅಂದರೆ ಜೋಗದಲ್ಲಿ ರಾಜಾ ಧುಮುಕುವ ಎತ್ತರದ ಕಾಲುಪಾಲು. ಮೊದಲ ಹತ್ತು ನಿಮಿಷ ನಡೆದರೂ ನೀರು ಸಿಗುವುದಿಲ್ಲ. ಮನೆಗಳ ಮಾಡು, ಮರದ ತುದಿ, ಹೆದ್ದಾರಿಯ ಮೇಲೆ ಹರಿಯುವ ಕಾರುಗಳು ಕಾಲಡಿಯಲ್ಲಿ ಹಿಂದೆ ಸರಿಯುತ್ತವೆ. ಆಮೇಲೆ ನೆಲ ಒಮ್ಮೆಲೇ ಜಾರಿಹೋಗಿ ನದಿ ತೆರೆದುಕೊಳ್ಳುತ್ತದೆ. ಗಾಳಿ ಬದಲಾಗುವುದು ಅಲ್ಲೇ. ಊರಿನ ಮೇಲೆ ಇಲ್ಲದ ಚಳಿ ಅಂಗಿಯ ತೋಳಿನೊಳಗೆ ನುಗ್ಗುತ್ತದೆ. ಮಾತಾಡುತ್ತ ಬಂದವರು ಮಾತು ನಿಲ್ಲಿಸಿ ಕಟಕಟೆಯ ಕಡೆ ಸರಿಯುತ್ತಾರೆ.

ದಕ್ಷಿಣಕ್ಕೆ ತಿರುಗಿದರೆ ಮಿಡ್-ಹಡ್ಸನ್ ತೂಗುಸೇತುವೆ, 1930ರದ್ದು, ಕಾರುಗಳಿಗಾಗಿ ಕಟ್ಟಿದ್ದು. ಅದನ್ನು ರೂಪಿಸಿದ ಎಂಜಿನಿಯರ್ ರಾಲ್ಫ್ ಮೊಜೆಸ್ಕಿ. ನಾವು ನಿಂತಿರುವ, ಒಮ್ಮೆ ರೈಲು ಓಡುತ್ತಿದ್ದ ಸೇತುವೆಗೆ 1906-07ರಲ್ಲಿ ನಡುವೆ ಮೂರನೆಯ ಸಾಲು ಉಕ್ಕಿನ ಚೌಕಟ್ಟು ಸೇರಿಸಿ, ಭಾರವಾಗುತ್ತ ಹೋದ ಎಂಜಿನ್‌ಗಳನ್ನು ತಾಳುವಂತೆ ಮಾಡಿದವನೂ ಅವನೇ. ಉತ್ತರಕ್ಕೆ ಮ್ಯಾರಿಸ್ಟ್ ವಿಶ್ವವಿದ್ಯಾಲಯದ ದೋಣಿಮನೆ, ಅದರ ಮುಂದೆ ನೀರಿನ ಮೇಲೆ ಕಡ್ಡಿಯಷ್ಟು ತೆಳ್ಳಗೆ ಕಾಣುವ ಹುಟ್ಟುದೋಣಿಗಳು. 1895ರಿಂದ 1949ರವರೆಗೆ ಅಮೆರಿಕದ ವಿಶ್ವವಿದ್ಯಾಲಯಗಳ ನಡುವಿನ ದೊಡ್ಡ ದೋಣಿ ಪಂದ್ಯ ಇದೇ ನೀರಿನಲ್ಲಿ ನಡೆಯುತ್ತಿತ್ತು. ಪಶ್ಚಿಮ ದಡದ ಕಂಬಿಯ ಮೇಲೆ, ಬೆಂಚು ಜೋಡಿಸಿದ ತೆರೆದ ಗಾಡಿಗಳಲ್ಲಿ ಪ್ರೇಕ್ಷಕರನ್ನು ಕೂರಿಸಿಕೊಂಡು, ದೋಣಿಗಳ ವೇಗಕ್ಕೆ ಸಮನಾಗಿ ರೈಲೂ ಓಡುತ್ತಿತ್ತಂತೆ. ಆಟವನ್ನು ಬೆನ್ನಟ್ಟಿಕೊಂಡು ಪ್ರೇಕ್ಷಕರ ಗ್ಯಾಲರಿಯೇ ಓಡುವ ಆ ನೋಟವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ನದಿಯನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತರೆ ಇನ್ನೊಂದು ಸಂಗತಿ ಗಮನಕ್ಕೆ ಬರುತ್ತದೆ. ನೀರು ಮೇಲಕ್ಕೆ ಹರಿಯುತ್ತಿದೆ. ಸಮುದ್ರ ಇಲ್ಲಿಂದ ನೂರಿಪ್ಪತ್ತು ಕಿಲೋಮೀಟರಿಗೂ ದೂರ. ಆದರೂ ಅದರ ಉಬ್ಬರ ಪೊಕಿಪ್ಸಿಯನ್ನು ದಾಟಿ, ಇನ್ನೂ ಉತ್ತರದ ಟ್ರಾಯ್ ಎಂಬ ಊರಿನವರೆಗೆ ಹೋಗುತ್ತದೆ. ಇಳಿತದ ಹೊತ್ತಿಗೆ ಅದೇ ನೀರು ದಕ್ಷಿಣಕ್ಕೆ ತಿರುಗುತ್ತದೆ. ಚಳಿಗಾಲದಲ್ಲಿ ಮಂಜುಗಡ್ಡೆಯ ಚಪ್ಪಡಿಗಳು ಸೇತುವೆಯ ಕಂಬಗಳ ನಡುವೆ ದಿನವೂ ಹೀಗೆ ಹೋಗಿ ಬಂದು ಮಾಡುತ್ತವೆ. ಕಂಬಗಳ ಬುಡಕ್ಕೆ ಎರಡೂ ಕಡೆಯಿಂದ ಒತ್ತಡ. ಆ ಬುಡಗಳನ್ನು ಕೆಸರಿನ ಅಡಿಯ ಗಟ್ಟಿ ನೆಲ ಸಿಗುವವರೆಗೆ ಇಳಿಸಲು, ದಪ್ಪ ತೊಲೆಗಳಿಂದ ಕಟ್ಟಿದ ಭಾರಿ ಪೆಟ್ಟಿಗೆಗಳನ್ನು ನದಿಯಲ್ಲಿ ನೂರು ಅಡಿಗೂ ಆಳಕ್ಕೆ ಮುಳುಗಿಸಿ ಕಾಂಕ್ರೀಟು ತುಂಬಿದರು. ಮೇಲೆ ನಡೆಯುವವರ ಕಣ್ಣಿಗೆ ಬೀಳದ ಆ ಮರದ ಪೆಟ್ಟಿಗೆಗಳ ಮೇಲೇ ಇಂದಿಗೂ ಇಡೀ ಸೇತುವೆ ಕೂತಿದೆ.

ಕಟ್ಟಿದ್ದು ಕಲ್ಲಿದ್ದಲಿಗಾಗಿ. ಪೆನ್ಸಿಲ್ವೇನಿಯಾದ ಗಣಿಗಳಲ್ಲಿ ಕಲ್ಲಿದ್ದಲು ಬಿದ್ದಿತ್ತು. ನ್ಯೂ ಇಂಗ್ಲೆಂಡಿನ ಗಿರಣಿಗಳಿಗೆ ಅದು ಬೇಕಿತ್ತು. ನಡುವೆ ಹಡ್ಸನ್ ಅಡ್ಡ ಮಲಗಿತ್ತು. ರೈಲು ಡಬ್ಬಿಗಳನ್ನು ದೋಣಿಗೇರಿಸಿ ದಾಟಿಸಬೇಕಾದ ಕಾಲ. 1873ರಲ್ಲಿ ಅಡಿಗಲ್ಲು ಇಟ್ಟರು. ಅದೇ ವರ್ಷ ಅಮೆರಿಕದ ಬ್ಯಾಂಕುಗಳು ಕುಸಿದು ಹಣ ನಿಂತುಹೋಯಿತು. ಮತ್ತೆ ಕೆಲಸ ಹಿಡಿದರು, ಮತ್ತೆ ನಿಂತಿತು. ಕೊನೆಗೆ 1886ರಲ್ಲಿ ಯೂನಿಯನ್ ಬ್ರಿಜ್ ಕಂಪನಿ ಕೈಗೆತ್ತಿಕೊಂಡ ಮೇಲೆ ಎರಡೂವರೆ ವರ್ಷದೊಳಗೆ ಉಕ್ಕು ಎರಡೂ ದಡವನ್ನು ಮುಟ್ಟಿತು. 1888ರ ಡಿಸೆಂಬರ್ ಕೊನೆಯಲ್ಲಿ ಮೊದಲ ರೈಲು ದಾಟಿತು. ಆ ಹೊತ್ತಿಗೆ ಜಗತ್ತಿನ ಅತಿ ಉದ್ದನೆಯ ಸೇತುವೆಗಳಲ್ಲಿ ಇದೂ ಒಂದು. ಅಲ್ಲಿಂದ ಮುಂದೆ ಕಲ್ಲಿದ್ದಲು, ಧಾನ್ಯ, ದನ, ಸರ್ಕಸ್ಸು, ಎರಡು ಮಹಾಯುದ್ಧಗಳ ಸೈನಿಕರು, ಎಲ್ಲವೂ ಇದರ ಮೇಲಿಂದ ಸಾಗಿದವು. ಕೆಳಗಿನ ಕೇರಿಯ ಮನೆಗಳಲ್ಲಿ ಪಾತ್ರೆ ಪಿಂಗಾಣಿ ಅದುರುತ್ತಿದ್ದ ಕಾಲ ಅದು.

ಸೇತುವೆಯ ನಡುಭಾಗದಲ್ಲಿ ಬೆಂಚುಗಳಿವೆ. ಒಂದು ಬೆಂಚಿನಲ್ಲಿ ಹಸಿರು ಸೀರೆಯ ಮೇಲೆ ದಪ್ಪ ಜಾಕೆಟ್ ತೊಟ್ಟು, ಕಾಲಿಗೆ ಬಿಳಿ ಸ್ಪೋರ್ಟ್ಸ್ ಶೂ ಹಾಕಿಕೊಂಡು ಒಬ್ಬ ತಾಯಿ ಕೂತಿದ್ದರು. ಮಡಿಲಲ್ಲಿ ಸ್ಟೀಲ್ ಡಬ್ಬಿ. ಡಬ್ಬಿಯಲ್ಲಿ ಕೋಡುಬಳೆ. ಕೋಡುಬಳೆ ಕಂಡ ಮೇಲೆ ಮಾತಾಡಿಸದೆ ಮುಂದೆ ಹೋಗುವುದು ಹೇಗೆ?

“ಅರಸೀಕೆರೆ ಕಣಪ್ಪ ನಮ್ದು. ಮಗ ಇಲ್ಲೇ ಕಂಪ್ಯೂಟರ್ ಕಂಪನೀಲಿ ಇದಾನೆ,” ಅಂದರು. ಪೊಕಿಪ್ಸಿ ಐಬಿಎಂ ಕಂಪನಿಯ ಮೇನ್‌ಫ್ರೇಮ್ ಯಂತ್ರಗಳ ಊರು. ಹಾಗಾಗಿ ಈ ಕಡೆಯ ಅಂಗಡಿಗಳಲ್ಲಿ, ಉದ್ಯಾನಗಳಲ್ಲಿ ಕನ್ನಡ ಕಿವಿಗೆ ಬಿದ್ದರೆ ಅಚ್ಚರಿಯಿಲ್ಲ. “ನಮ್ಮನೆಯವರು ಅಲ್ಲಿದಾರೆ ನೋಡಿ. ಬಂದಾಗಿಂದ ನದಿ ನೋಡಿಲ್ಲ, ಬೆಟ್ಟ ನೋಡಿಲ್ಲ. ಬರೀ ನಟ್ಟು ಬೋಲ್ಟು.”

ಅವರು ತೋರಿಸಿದ ಕಡೆ ಎಪ್ಪತ್ತು ದಾಟಿದ, ತಲೆಗೆ ಮಂಕಿ ಕ್ಯಾಪ್ ಹಾಕಿದ ಯಜಮಾನರು ಕಟಕಟೆಯಾಚೆಗೆ ಬಗ್ಗಿ, ಕಾಲುದಾರಿಯ ಕೆಳಗಿನ ಉಕ್ಕನ್ನು ನೋಡುತ್ತಿದ್ದರು. ಮಗ ಪಕ್ಕದಲ್ಲಿ ನಿಂತು ಅವರ ಜಾಕೆಟ್ಟಿನ ತುದಿ ಹಿಡಿದುಕೊಂಡಿದ್ದ. ಯಜಮಾನರು ಅರಸೀಕೆರೆ, ಹಾಸನ, ಮೈಸೂರು ಮೀಟರ್ ಗೇಜ್ ಲೈನಿನಲ್ಲಿ ಗ್ಯಾಂಗ್‌ಮನ್ ಆಗಿ ಸೇರಿ, ಕೀಮ್ಯಾನ್ ಆಗಿ ಬಹುಕಾಲ ಕೆಲಸ ಮಾಡಿ ನಿವೃತ್ತರಾದವರು. ಕೀಮ್ಯಾನ್ ಅಂದರೆ ದಿನಾ ಬೆಳಗ್ಗೆ ಹೆಗಲಿಗೆ ಸುತ್ತಿಗೆ, ಸ್ಪ್ಯಾನರು, ಕೆಂಪು ಹಸಿರು ಬಾವುಟ ಏರಿಸಿಕೊಂಡು ತನ್ನ ಬೀಟಿನ ಅಷ್ಟೂ ಕಂಬಿಯನ್ನು ಕಾಲಲ್ಲಿ ನಡೆದು ನೋಡುವವನು. ಸಡಿಲಾದ ಕೀಲಿಗೆ ಒಂದು ಏಟು, ಸಡಿಲಾದ ಬೋಲ್ಟಿಗೆ ಒಂದು ತಿರುವು. ಹೋಗುವಾಗ ಒಂದು ಕಂಬಿ, ಬರುವಾಗ ಇನ್ನೊಂದು.

“ಸಾಗರಕಟ್ಟೆ ಸೇತುವೆ ಗೊತ್ತಲ್ಲ ಸಾರ್ ನಿಮಗೆ? ಕನ್ನಂಬಾಡಿ ಹಿನ್ನೀರಿನ ಮೇಲೆ. ಅದರ ಮೇಲೆ ನಡೆದಿದೀನಿ. ಈ ಥರ ಕಟಕಟೆ ಎಲ್ಲಿಂದ ಬರಬೇಕು? ಸ್ಲೀಪರ್ ಮೇಲೆ ಕಾಲಿಡಬೇಕು, ಸಂದೀಲಿ ಕೆಳಗೆ ನೀರು ಕಾಣ್ತಿರುತ್ತೆ. ಗಾಡಿ ಬಂತು ಅಂದ್ರೆ ಟ್ರಾಲಿ ರೆಫ್ಯೂಜಿಗೆ ಓಡಿ ನಿಂತ್ಕೋಬೇಕು.”

ಸೇತುವೆಯ ಪಕ್ಕಕ್ಕೆ ಅಲ್ಲಲ್ಲಿ ಜೋತುಬಿದ್ದಂತೆ ಕಟ್ಟಿರುವ, ಮೂರು ನಾಲ್ಕು ಜನ ನಿಲ್ಲುವಷ್ಟು ಜಾಗದ ಚಿಕ್ಕ ಕಟ್ಟೆಗಳವು. ರೈಲಿನಲ್ಲಿ ಕೂತು ಹೊಳೆ ದಾಟುವಾಗ ಅಂಥ ಕಟ್ಟೆಯ ಮೇಲೆ ಬಾವುಟ ಹಿಡಿದು ನಿಂತ ಮನುಷ್ಯನನ್ನು ಎಲ್ಲರೂ ಕಂಡಿರುತ್ತೇವೆ. ಜನಸಾಮಾನ್ಯರಿಗೆ ರೈಲು ಸೇತುವೆಯ ಮೇಲೆ ಕಾಲಿಡುವುದು ಅಪರಾಧ. ಕೀಮ್ಯಾನನಿಗೆ ಕಾಲಿಡದೇ ಇರುವುದು ಅಪರಾಧ. ಹಾಗೆ ನೋಡಿದರೆ ರೈಲು ಸೇತುವೆ ಮೊದಲ ದಿನದಿಂದಲೂ ನಡೆಯುವವರದ್ದೇ. ಗಾಡಿ ಎರಡು ನಿಮಿಷದಲ್ಲಿ ದಾಟಿಹೋಗುತ್ತದೆ. ಉಳಿದ ಹೊತ್ತೆಲ್ಲ ಅದನ್ನು ಕಾಯುವುದು ನಡೆಯುವ ಕಾಲು ಮತ್ತು ನೋಡುವ ಕಣ್ಣು. ಆ ಕಾಲು ನಿಂತಾಗ ಸೇತುವೆಗೆ ಏನಾಗುತ್ತದೆ ಎಂಬುದಕ್ಕೆ ಪೊಕಿಪ್ಸಿಯೇ ಸಾಕ್ಷಿ.

1970ರ ಹೊತ್ತಿಗೆ ಈ ಸೇತುವೆಯ ಒಡೆತನ ಪೆನ್ ಸೆಂಟ್ರಲ್ ಎಂಬ ರೈಲು ಕಂಪನಿಯದ್ದಾಗಿತ್ತು. ಆ ವರ್ಷವೇ ಅದು ದಿವಾಳಿ ಎದ್ದಿತು. ಹೆದ್ದಾರಿಗಳ ಮೇಲೆ ಲಾರಿಗಳು ಹೆಚ್ಚಿ ರೈಲಿನ ಸರಕು ಕಡಿಮೆಯಾಗಿತ್ತು. ದಿವಾಳಿ ಕಂಪನಿ ಮೊದಲು ಕೈಬಿಡುವುದು ದುರಸ್ತಿಯ ಖರ್ಚನ್ನು. 1974ರ ಮೇ 8ರಂದು, ಒಂದು ಗೂಡ್ಸ್ ಗಾಡಿ ದಾಟಿಹೋದ ಮೇಲೆ, ಸೇತುವೆಯ ಮೇಲಿನ ಮರದ ಸ್ಲೀಪರುಗಳಿಗೆ ಬೆಂಕಿ ಹತ್ತಿತು. ಗಾಡಿಯಿಂದ ಸಿಡಿದ ಕಿಡಿಯೇ ಕಾರಣವಿರಬೇಕು ಎಂಬುದು ಸಾಮಾನ್ಯ ನಂಬಿಕೆ. ಕ್ರಿಯೋಸೋಟ್ ಎಣ್ಣೆ ಕುಡಿದು ಕೊಬ್ಬಿದ್ದ ಸ್ಲೀಪರುಗಳು, 212 ಅಡಿ ಎತ್ತರದ ಗಾಳಿ. ಸೇತುವೆಯುದ್ದಕ್ಕೂ ಬೆಂಕಿ ನಂದಿಸಲೆಂದು ಹಾಕಿದ್ದ ನೀರಿನ ಪೈಪು ಆ ದಿನ ಉಪಯೋಗಕ್ಕೆ ಬರಲಿಲ್ಲ. ಸುಮಾರು 700 ಅಡಿ ಉದ್ದದ ಹಾಸು ಸುಟ್ಟುಹೋಯಿತು. ಆಮೇಲೆ ಇದರ ಮೇಲೆ ಒಂದೂ ರೈಲು ಓಡಲಿಲ್ಲ.

ಈ ಕಥೆ ಹೇಳಿದಾಗ ಯಜಮಾನರು ಬಹಳ ಹೊತ್ತು ತಲೆಯಾಡಿಸಿದರು. “ಎಪ್ಪತ್ತನಾಲ್ಕಲ್ಲಿ ನಾನು ಸೇರಿ ಎರಡು ವರ್ಷ ಆಗಿತ್ತು. ನಮ್ಮಲ್ಲಿ ಆಗ ಇನ್ನೂ ಕಲ್ಲಿದ್ದಲು ಎಂಜಿನ್ನು. ಸೇತುವೆ ಮೇಲೆ ಬೂದಿ ಕೊಡವಬಾರದು ಅಂತ ಡ್ರೈವರಿಗೆ ಬೋರ್ಡೇ ಹಾಕಿರೋರು. ರೆಫ್ಯೂಜಲ್ಲಿ ಡ್ರಮ್ಮಲ್ಲಿ ನೀರು, ಬಕೀಟಲ್ಲಿ ಮರಳು ಇಡೋದು. ಬೇಸಿಗೇಲಿ ಡ್ರಮ್ಮು ಒಣಗಿದ್ರೆ ನಮಗೆ ಮೆಮೋ. ಒಂದು ಕೆಂಡ ಬಿದ್ರೆ ಅಲ್ಲೇ ಚಿಟಿಕೆ ಹೊಡೆಯೋದರಲ್ಲಿ ಆರಿಸಿಬಿಡಬಹುದು ಸಾರ್. ನೋಡೋನೊಬ್ಬ ಇರಬೇಕು ಅಷ್ಟೆ.”

ಸುಟ್ಟ ಸೇತುವೆಗೆ ಮುಂದಿನ ಇಪ್ಪತ್ತು ವರ್ಷ ಯಾರೂ ದಿಕ್ಕಿರಲಿಲ್ಲ. 1976ರಲ್ಲಿ ಕಾನ್‌ರೇಲ್ ಸಂಸ್ಥೆಯ ಪಾಲಾಯಿತು. ಅವರಿಗೆ ಅದು ಬೇಡವಾಗಿತ್ತು. ಕೆಡವಬೇಕೆಂದರೆ ಕಟ್ಟುವಷ್ಟೇ ಸಾಹಸ. ಕೆಳಗೆ ಮನೆಗಳು, ಹೆದ್ದಾರಿ, ಎರಡು ದಡದಲ್ಲೂ ಓಡುವ ರೈಲು, ನಡುವೆ ಹಡಗುಗಳ ದಾರಿ. 1984ರಲ್ಲಿ ಕಾನ್‌ರೇಲ್ ಸೇತುವೆಯನ್ನು ಖಾಸಗಿ ವ್ಯಕ್ತಿಯೊಬ್ಬರಿಗೆ ಮಾರಿತು. ಬೆಲೆ ಒಂದು ಡಾಲರ್. ಆರು ವರ್ಷದ ನಂತರ ಅದು ಇನ್ನೊಬ್ಬರ ಕೈಗೆ ಹೋಯಿತು. ಸುಟ್ಟ ಹಾಸಿನ ಅಳಿದುಳಿದ ಚೂರುಗಳು ಕೆಳಗಿನ ಕೇರಿಯ ಮೇಲೆ ಬೀಳುತ್ತವೆಂದು ಜನರ ದೂರು ಬೆಳೆಯಿತು. ಎರಡು ಊರುಗಳ ನಡುವೆ ಆಕಾಶದಲ್ಲಿ ತುಕ್ಕು ಹಿಡಿಯುತ್ತ ನಿಂತ ಆ ಉಕ್ಕನ್ನು ನೋಡಿ ಬೆಳೆದ ಒಂದು ಪೀಳಿಗೆಗೆ, ಅದರ ಮೇಲೆ ಒಮ್ಮೆ ಗಾಡಿ ಓಡುತ್ತಿತ್ತೆಂಬುದು ಹಿರಿಯರ ಬಾಯಿಂದ ಕೇಳಿದ ಮಾತಾಗಿ ಉಳಿಯಿತು.

ಈ ಸೇತುವೆಯ ಕಥೆಯಲ್ಲಿ ನನಗೆ ಅತ್ಯಂತ ಪ್ರೀತಿಯ ಘಟ್ಟ ಇನ್ನು ಮುಂದಿನದು. 1992ರಲ್ಲಿ ಬಿಲ್ ಸೆಪ್ ಎಂಬ ಸ್ಥಳೀಯರೊಬ್ಬರು ‘ವಾಕ್‌ವೇ ಓವರ್ ದಿ ಹಡ್ಸನ್’ ಎಂಬ ಸಂಘ ಕಟ್ಟಿದರು. ಕೈಯಲ್ಲಿ ಹಣವಿರಲಿಲ್ಲ, ಸರ್ಕಾರದ ಆದೇಶವೂ ಇರಲಿಲ್ಲ. ಇದ್ದದ್ದು ಒಂದು ಹಟ: ಇದರ ಮೇಲೆ ಜನ ನಡೆಯಬೇಕು. ಸ್ವಯಂಸೇವಕರನ್ನು ಕೂಡಿಸಿ ಸೇತುವೆಯ ಮೇಲೆ ಹತ್ತಿಸಿದರು. ತಾವೇ ಹಲಗೆ ಹೊತ್ತು, ತಾವೇ ಹಾಸಿ, ತಾವೇ ತಡೆಬೇಲಿ ಕಟ್ಟಿ, ಮೊಳಮೊಳವಾಗಿ ದಾರಿ ಮಾಡುತ್ತ ಹೋದರು. ಅಷ್ಟು ದೊಡ್ಡ ಉಕ್ಕಿನ ಮುಂದೆ ಸುತ್ತಿಗೆ ಹಿಡಿದ ಹತ್ತಾರು ಜನ. ನೋಡಿದವರಲ್ಲಿ ಅನೇಕರಿಗೆ ಇದು ಆಗದ ಹೋಗದ ಕೆಲಸ ಅನ್ನಿಸಿದ್ದರೆ ತಪ್ಪಲ್ಲ. ಆದರೆ ಅವರು ಮೇಲೆ ಹೋಗುತ್ತಿದ್ದರು ಎಂಬುದೇ ದೊಡ್ಡದು. ಎರಡು ದಶಕ ಯಾರೂ ಕಾಲಿಡದ ಜಾಗದಲ್ಲಿ ಮತ್ತೆ ನಡೆಯುವ ಕಾಲು, ನೋಡುವ ಕಣ್ಣು ಬಂದವು. 1998ರಲ್ಲಿ ಸೇತುವೆಯ ಒಡೆತನವೇ ಆ ಸಂಘದ ಹೆಸರಿಗೆ ಬಂತು.

ಹಲಗೆ ಹಾಸಿ ಎರಡು ಕಿಲೋಮೀಟರ್ ಮುಗಿಸುವುದು ಸಾಧ್ಯವಿರಲಿಲ್ಲ ಎಂಬುದೂ ನಿಜ. ಸ್ವಂತ ಕೈಯಲ್ಲೇ ಮಾಡಬೇಕೆ, ದೊಡ್ಡ ದುಡ್ಡು ತಂದು ದೊಡ್ಡದಾಗಿ ಮಾಡಬೇಕೆ ಎಂಬ ಜಗ್ಗಾಟ ಸಂಘದೊಳಗೆ ಎದ್ದಿತು. 2004ರಲ್ಲಿ ಪೊಕಿಪ್ಸಿಯ ವಕೀಲ ಫ್ರೆಡ್ ಶೇಫರ್ ಅಧ್ಯಕ್ಷರಾದ ಮೇಲೆ ಸಂಘ ಎರಡನೆಯ ದಾರಿ ಹಿಡಿಯಿತು. ಅದೇ ಸೀಮೆಯ ಡೈಸನ್ ಪ್ರತಿಷ್ಠಾನ ಬೆನ್ನಿಗೆ ನಿಂತಿತು, ರಾಜ್ಯ ಸರ್ಕಾರ ಜೊತೆಗೂಡಿತು. ಹೆನ್ರಿ ಹಡ್ಸನ್ ತನ್ನ ಹಡಗಿನಲ್ಲಿ ಈ ನದಿಯನ್ನು ಏರಿ ಬಂದದ್ದು 1609ರಲ್ಲಿ. ಅದರ ನಾನೂರನೆಯ ವರ್ಷವಾದ 2009ರೊಳಗೆ ಮುಗಿಸಬೇಕೆಂದು ಗಡುವು ಇಟ್ಟುಕೊಂಡರು. ಮೊದಲು ತಪಾಸಣೆ: ಉಕ್ಕಿನ ತುಂಡು ತುಂಡನ್ನೂ ನೋಡಿದರು, ಮುಳುಗುಗಾರರನ್ನು ಇಳಿಸಿ ನೀರಿನಡಿಯ ಕಂಬಗಳನ್ನೂ ನೋಡಿದರು. ಕಲ್ಲಿದ್ದಲು ಗಾಡಿಗಳನ್ನು ಹೊರಲು ಕಟ್ಟಿದ ಅಸ್ಥಿಪಂಜರ ಗಟ್ಟಿಯಾಗಿಯೇ ಇತ್ತು. ಬೇರೆಡೆ ಎರಕ ಹೊಯ್ದ ನೂರಾರು ಕಾಂಕ್ರೀಟ್ ಹಾಸುಗಳನ್ನು ತಂದು, ಒಂದರ ಪಕ್ಕ ಒಂದು ಕೂರಿಸುತ್ತ ಬಂದರು. ಒಟ್ಟು ಖರ್ಚು 3.88 ಕೋಟಿ ಡಾಲರ್. ಕೆಡವುವುದಕ್ಕೇ ಇದಕ್ಕಿಂತ ಹೆಚ್ಚು ಬೇಕಾಗುತ್ತಿತ್ತು ಎಂಬುದು ಆಗಿನ ಲೆಕ್ಕ. 2009ರ ಅಕ್ಟೋಬರ್ 3ರಂದು ಕಾಲುದಾರಿ ಜನರಿಗೆ ತೆರೆಯಿತು.

ಸೆಪ್ ಅವರ ಹಟವನ್ನೂ ಶೇಫರ್ ಅವರ ಜಾಣ್ಮೆಯನ್ನೂ ತಕ್ಕಡಿಯಲ್ಲಿಟ್ಟು ಯಾವುದು ದೊಡ್ಡದು ಎಂದು ಕೇಳಿದರೆ ನನ್ನ ಒಲವು ಮೊದಲನೆಯದರ ಕಡೆಗೇ. ಹಣ ಯಾವಾಗಲೋ ಯಾರೋ ತರುತ್ತಾರೆ. ಅಲ್ಲಿಯವರೆಗೆ ಒಂದು ವಸ್ತು ಬಿದ್ದುಹೋಗದಂತೆ, ಜನರ ಮನಸ್ಸಿನಿಂದ ಮರೆಯಾಗದಂತೆ ಹಿಡಿದುಕೊಳ್ಳುವ ಒಬ್ಬರು ಬೇಕು. ಅದೇ 2009ರ ಜೂನಿನಲ್ಲಿ ನ್ಯೂಯಾರ್ಕ್ ನಗರದೊಳಗೆ ಹೈ ಲೈನ್ ಎಂಬ ಉದ್ಯಾನ ತೆರೆಯಿತು. ಅದೂ ಕೈಬಿಟ್ಟ ಸರಕು ರೈಲಿನ ಎತ್ತರದ ಹಾದಿಯೇ. ಅಲ್ಲಿಯೂ ಹತ್ತು ವರ್ಷ ಮೊದಲು ಸಂಘ ಕಟ್ಟಿ ಕೆಡವುವುದನ್ನು ತಡೆದವರು ಆ ಬಡಾವಣೆಯ ಇಬ್ಬರು ನಿವಾಸಿಗಳು. ಹೈ ಲೈನ್ ಜಗತ್ತಿಗೆಲ್ಲ ಹೆಸರಾಯಿತು. ಅಲ್ಲಿ ಹೂಗಿಡ, ಹುಲ್ಲು, ಕಲಾಕೃತಿ, ಸುತ್ತಲೂ ಗಾಜಿನ ಕಟ್ಟಡಗಳು. ಇಲ್ಲಿ ಅದ್ಯಾವುದೂ ಇಲ್ಲ. ಉದ್ದಕ್ಕೆ ಬೂದು ಕಾಂಕ್ರೀಟು, ಎರಡು ಬದಿ ಕಟಕಟೆ, ಮಿಕ್ಕದ್ದೆಲ್ಲ ನದಿ ಮತ್ತು ಗಾಳಿ. ಕೆಳಗಿನ ಉಕ್ಕಿಗೆ ಅಲಂಕಾರದ ಬಣ್ಣ ಬಳಿಯದೆ ಅದರ ಕಪ್ಪು ಕಂದು ಮೈಯನ್ನು ಹಾಗೇ ಬಿಟ್ಟಿದ್ದಾರೆ. ರಿವಿಟ್ಟುಗಳ ಸಾಲು, ಹೆಣಿಗೆಯಂತೆ ಅಡ್ಡಡ್ಡ ಹೊಸೆದ ಪಟ್ಟಿಗಳು, ಮಳೆಗಾಳಿಗೆ ಒಡ್ಡಿಕೊಂಡ ಕಾಲ ಎಲ್ಲವೂ ಕಾಣುವಂತಿವೆ. ಅದು ಸರಿಯಾದ ತೀರ್ಮಾನ.

ಪಶ್ಚಿಮ ದಡದ ಕಡೆ ಒಂದು ಸೀಟಿ ಕೇಳಿತು. ಕಟಕಟೆಯ ಆ ಬದಿಗೆ ಜನರೆಲ್ಲ ಓಡಿದರು. ನದಿಯಂಚಿಗೇ ಹಾಸಿದ ಕಂಬಿಯ ಮೇಲೆ ಗೂಡ್ಸ್ ಗಾಡಿಯೊಂದು ತಿರುವಿನಿಂದ ಮೂತಿ ತೋರಿಸಿತು. ಎಂಜಿನ್ ನಮ್ಮ ಕಾಲಡಿಯಲ್ಲಿ ಹಾದುಹೋಗಿ ದಕ್ಷಿಣದ ಮರಗಳ ಹಿಂದೆ ಮರೆಯಾದರೂ ಅದರ ಬಾಲ ಇನ್ನೂ ಉತ್ತರದ ತಿರುವನ್ನು ಬಿಟ್ಟಿರಲಿಲ್ಲ. ಮಕ್ಕಳು ಡಬ್ಬಿ ಎಣಿಸಿದರು, ಲೆಕ್ಕ ತಪ್ಪಿ ಜಗಳವಾಡಿದರು. ಅರಸೀಕೆರೆಯ ಯಜಮಾನರು ಮಾತ್ರ ಡಬ್ಬಿ ಎಣಿಸಲಿಲ್ಲ. ಮಂಕಿ ಕ್ಯಾಪನ್ನು ಕಿವಿಯಿಂದ ಮೇಲಕ್ಕೆ ಸರಿಸಿ, ಗಾಲಿ ಕಂಬಿಯ ಸಂದು ದಾಟುವ ಸದ್ದಿಗೆ ಕಿವಿಗೊಟ್ಟು ನಿಂತರು. “ಲೈನು ಚೆನ್ನಾಗಿಟ್ಟಿದಾರೆ,” ಅಂದರು ಮಗನಿಗೆ.

ಕಾಲುದಾರಿಯ ಅಗಲ 24 ಅಡಿ. ನಡೆಯುವವರು, ಸೈಕಲ್ಲಿನವರು ಒಬ್ಬರಿಗೊಬ್ಬರು ಅಡ್ಡ ಬಾರದಷ್ಟು ಜಾಗ. ಪ್ರವೇಶಕ್ಕೆ ದುಡ್ಡಿಲ್ಲ. ಪೂರ್ವ ದಡದಲ್ಲಿ 2014ರಲ್ಲಿ ಇಪ್ಪತ್ತೊಂದು ಅಂತಸ್ತಿನ ಎತ್ತರದ ಗಾಜಿನ ಲಿಫ್ಟ್ ಕಟ್ಟಿದರು. ಅದರಿಂದ ನದಿಯಂಚಿನ ರೈಲು ನಿಲ್ದಾಣದ ಕಡೆಯಿಂದಲೂ ಮೇಲೆ ಬರುವುದು ಸಾಧ್ಯವಾಯಿತು. ವರ್ಷಕ್ಕೆ ಐದು ಲಕ್ಷದಷ್ಟು ಜನ ಬಂದುಹೋಗುತ್ತಾರೆ. ಪೂರ್ವಕ್ಕೂ ಪಶ್ಚಿಮಕ್ಕೂ, ಒಮ್ಮೆ ಇದೇ ರೈಲು ಓಡುತ್ತಿದ್ದ ಹಾದಿಯ ಮೇಲೆಯೇ ಹತ್ತಾರು ಕಿಲೋಮೀಟರ್ ಸೈಕಲ್ ದಾರಿಗಳಾಗಿವೆ. 2020ರ ಕೊನೆಗೆ ಪೂರ್ತಿಗೊಂಡ, ನ್ಯೂಯಾರ್ಕ್ ನಗರದಿಂದ ಕೆನಡಾ ಗಡಿಯವರೆಗೆ ಹೋಗುವ ಎಂಪೈರ್ ಸ್ಟೇಟ್ ಟ್ರೇಲ್ ಈ ಸೀಮೆಯಲ್ಲಿ ಹಡ್ಸನ್ ನದಿಯನ್ನು ದಾಟುವುದು ಈ ಸೇತುವೆಯ ಮೇಲಿಂದಲೇ.

ಅಮ್ಮ ಡಬ್ಬಿ ಮುಂದೆ ಚಾಚಿದರು. ಕೋಡುಬಳೆ ಕಡಿಯುತ್ತ ಯಜಮಾನರನ್ನು ಕೇಳಿದೆ, ನಮ್ಮಲ್ಲೂ ಹೀಗೆ ಮಾಡಬಹುದಲ್ಲವೆ ಎಂದು. ರಾಜಮಹೇಂದ್ರಿಯ ಹ್ಯಾವ್‌ಲಾಕ್ ಸೇತುವೆ ನನ್ನ ಮನಸ್ಸಿನಲ್ಲಿತ್ತು. ಗೋದಾವರಿಯ ಮೇಲೆ 1900ರಲ್ಲಿ ತೆರೆದು, ಹತ್ತಿರ ಹತ್ತಿರ ನೂರು ವರ್ಷ ಮದರಾಸು ಕಲ್ಕತ್ತಾ ಗಾಡಿಗಳನ್ನು ದಾಟಿಸಿ, 1997ರಲ್ಲಿ ನಿಂತ ಸೇತುವೆ. ಅದನ್ನು ಪ್ರವಾಸಿಗರ ಕಾಲುದಾರಿ ಮಾಡುವ ಮಾತು ಆಂಧ್ರದಲ್ಲಿ ಎಷ್ಟೋ ವರ್ಷಗಳಿಂದ ಕೇಳಿಬರುತ್ತಿದೆ. ಗೇಜ್ ಬದಲಾವಣೆಯಾದ ಮೇಲೆ ನಮ್ಮ ಲೈನುಗಳಲ್ಲೂ ಹೊಸ ಸೇತುವೆಯ ಪಕ್ಕದಲ್ಲಿ ಹಳೆಯದರ ಕಲ್ಲುಕಂಬಗಳು ನೀರಿನಲ್ಲಿ ನಿಂತಿರುವುದನ್ನು ಕಿಟಕಿಯಿಂದ ಕಾಣುತ್ತೇವೆ.

“ಮಾಡಬಹುದು. ಗರ್ಡರ್ ಬಿಚ್ಚಿ ಗುಜರಿಗೆ ಹಾಕೋಕೆ ಮುಂಚೆ ಮಾಡಬೇಕು,” ಅಂದರು. “ಕಂಬ ಒಂದೇ ಉಳಿದ್ರೆ ಅದರ ಮೇಲೆ ಕಾಗೆ ಕೂತ್ಕೊಳುತ್ತೆ. ಆಮೇಲೆ ಸಾರ್, ಮಾಡಿದ ಮೇಲೆ ಯಾರು ನೋಡ್ಕೋತಾರೆ? ಇಲ್ಲಿ ದಿನಾ ಯಾರು ನಡೆದು ನೋಡ್ತಾರೆ, ಅದು ಹೇಳಿ ನಂಗೆ.”

ಉದ್ಯಾನ ಈಗ ರಾಜ್ಯದ ಉದ್ಯಾನ ಇಲಾಖೆಯ ನಿರ್ವಹಣೆಯಲ್ಲಿದೆ, ಎಂಜಿನಿಯರುಗಳು ಪಾಳಿಯ ಮೇಲೆ ತಪಾಸಣೆ ಮಾಡುತ್ತಾರೆ, ಹಳೆಯ ಸಂಘದ ಸ್ವಯಂಸೇವಕರು ದಿನವೂ ಮೇಲೆ ಓಡಾಡಿ ಬಂದವರನ್ನು ವಿಚಾರಿಸಿಕೊಳ್ಳುತ್ತಾರೆ ಎಂದು ಮಗ ವಿವರಿಸಿದ. ಯಜಮಾನರಿಗೆ ಎಂಜಿನಿಯರುಗಳ ವಿಷಯ ರುಚಿಸಲಿಲ್ಲ. “ಸ್ವಯಂಸೇವಕರು ಅಂದೆಯಲ್ಲ, ಅವರು ಯಾರು? ಕರಿ.”

ಸ್ವಲ್ಪ ದೂರದಲ್ಲಿ ಸಂಘದ ಅಂಗಿ ತೊಟ್ಟ ಬಿಳಿಗೂದಲಿನ ಹೆಂಗಸೊಬ್ಬರು ಪ್ರವಾಸಿಗಳ ಗುಂಪಿಗೆ ಫೋಟೊ ತೆಗೆದುಕೊಡುತ್ತಿದ್ದರು. ಮಗ ಸಂಕೋಚದಿಂದ ಹೋಗಿ ಕರೆತಂದ. ಯಜಮಾನರು ಅವರನ್ನು ಕಟಕಟೆಯ ಒಂದು ಕಂಬದ ಬಳಿಗೆ ಕರೆದೊಯ್ದು, ಮಂಡಿಯೂರಿ ಕೂತು, ಬುಡದ ಬಿಲ್ಲೆಯನ್ನು ಹಿಡಿದಿರುವ ನಾಲ್ಕು ನಟ್ಟುಗಳಲ್ಲಿ ಒಂದನ್ನು ತೋರುಬೆರಳಿನಿಂದ ತಿರುಗಿಸಿದರು. ಅದು ತಿರುಗಿತು.

“ಇದು ಸಡಿಲಾಗಿದೆ ಅಂತ ಹೇಳು.”

ಮಗ ಹೇಳಿದ. ಹೆಂಗಸು ತಾವೂ ಮಂಡಿಯೂರಿ ಬೆರಳಿಟ್ಟು ನೋಡಿದರು. ಹುಬ್ಬೇರಿಸಿ ಯಜಮಾನರ ಮುಖ ನೋಡಿದರು, ಫೋನು ತೆಗೆದು ನಟ್ಟಿನದೊಂದು, ಕಂಬದ್ದೊಂದು ಚಿತ್ರ ಹಿಡಿದುಕೊಂಡರು. ಸಂಜೆಯೊಳಗೆ ಕಚೇರಿಗೆ ಕೊಡುತ್ತೇನೆ ಎಂದರು.

“ಬಿಗಿ ಮಾಡಿದ ಮೇಲೆ ಮತ್ತೆ ಬಂದು ನೋಡ್ತಾರಾ ಕೇಳು.”

“ಅಪ್ಪಾ, ಹೇಳಿದ್ರಲ್ಲ…”

“ಕೇಳು ಅಂದೆ.”

ಮಗ ಕೇಳಿದ. ಆಕೆ ನಕ್ಕು, ಮಂಗಳವಾರ ತನ್ನದೇ ಪಾಳಿ, ಖಂಡಿತ ನೋಡುತ್ತೇನೆ ಎಂದರು. ಯಜಮಾನರು ಮೊಣಕಾಲು ಹಿಡಿದು ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು ಪೂರ್ವದ ಕಡೆ ಕೈ ತೋರಿಸಿದರು.

“ಆ ಕಡೆ ಇನ್ನೂ ಒಂದಿದೆ ಬಾರಮ್ಮ, ತೋರಿಸ್ತೀನಿ,” ಎಂದು ಕನ್ನಡದಲ್ಲೇ ಅವರಿಗೆ ಹೇಳಿ ಮುಂದೆ ಹೊರಟರು. ಆಕೆ ಫೋನು ಕೈಯಲ್ಲೇ ಹಿಡಿದುಕೊಂಡು ಅವರ ಜೊತೆ ಹೆಜ್ಜೆ ಹಾಕಿದರು.